ತೊಟ್ಟಿಲಾಗಿದ್ದ ಜಿಪ್ಸಿ

ಆಷಾಢದ ಗಾಳಿ ಗೊತ್ತಲ್ವಾ? ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನ ಸುಮ್ನೆ ನೆಟ್ಟಿಲ್ಲ. ಅಂಥ ಒಂದು ಮಧ್ಯಾಹ್ನ ದುರ್ಗದಿಂದ ದಾವಣಗೆರೆ ಕಡೆ 48ನೇ ನಂಬರ್ ಹೈವೇಯಲ್ಲಿ ಬರುತ್ತಿದ್ದೆ. ಸ್ಪೀಡು 70 ಇತ್ತು ಅಷ್ಟೇ. ಎಡಗಡೆಯಿಂದ ಗಾಳಿ ಒಂದು ಸಲ ಜೋರಾಗಿ ಹೊಡೆಯಿತು. ನನ್ನ ಮಾರುತಿ ಜಿಪ್ಸಿ ಜೀಪು ಬಲಕ್ಕೆ ವಾಲಿತು. ವಾಲಿದ್ದು ವಾಪಸ್ ಬಂದು ಎಡಕ್ಕೂ ವಾಲಿತು. ಆಮೇಲೆ ಮತ್ತೆ ಬಲಕ್ಕೆ. ಪಕ್ಕದಲ್ಲಿದ್ದ ಹೆಂಡತಿ ಏನೂ ಮಾತಾಡಲಿಲ್ಲ. ಡ್ಯಾಶ್‌ಬೋರ್ಡ್ ಮೇಲಿನ ಹಿಡಿ ಹಿಡಿದುಕೊಂಡವಳು ಆನಗೋಡು ದಾಟೋವರೆಗೂ ಬಿಡಲಿಲ್ಲ. ಆ ಮೌನಕ್ಕೆ ಹೆದರಿ ನಾನು ಈ ರಿಪೇರಿಗೆ ಕೈ ಹಾಕಿದ್ದು.

ಗಾಡಿ 2012ರ ಜಿಪ್ಸಿ ಕಿಂಗ್, ಹಾರ್ಡ್‌ಟಾಪ್. ಎರಡು ವರ್ಷದ ಹಿಂದೆ ಒಬ್ಬರ ಹತ್ತಿರ ತಗೊಂಡೆ. ಆಗಲೇ ಅದಕ್ಕೆ ಲಿಫ್ಟ್, ಅಂದರೆ ಗಾಡಿಯ ಎತ್ತರ ಹೆಚ್ಚಿಸೋ ಕೆಲಸ, ಮಾಡಿಸಿದ್ದರು. 235/75 ಆರ್ 15 ಟೈರು, ಮುಂದೆ ಕಬ್ಬಿಣದ ದಪ್ಪ ಬಂಪರ್, ಅದರೊಳಗೆ ವಿಂಚು (ಹಗ್ಗ ಸುತ್ತಿ ಎಳೆಯೋ ಯಂತ್ರ). ನೋಡೋಕೆ ಭರ್ಜರಿಯಾಗಿತ್ತು. ಒಂದು ಸುತ್ತು ಓಡಿಸಿದಾಗ ಇನ್ನೂ ಖುಷಿಯಾಯಿತು. ಜಿಪ್ಸಿ ಅಂದ್ರೆ ಬೆನ್ನು ಮುರಿಯೋ ಗಾಡಿ ಅಂತ ಎಲ್ಲರೂ ಹೇಳ್ತಾರೆ, ಇದು ನೋಡಿದರೆ ಎಷ್ಟು ಮೆತ್ತಗಿದೆ ಅಂದುಕೊಂಡು ದುಡ್ಡು ಎಣಿಸಿದೆ. ಅಲ್ಲೇ ಅನುಮಾನ ಬರಬೇಕಿತ್ತು.

ತೊಂದರೆ ಒಂದಲ್ಲ, ಮೂರು ನಾಲ್ಕು. ಬ್ರೇಕ್ ಒತ್ತಿದರೆ ಮೂತಿ ನೆಲ ಮುಟ್ಟೋ ಹಾಗೆ ಬಗ್ಗುತ್ತಿತ್ತು. ತಿರುವಿನಲ್ಲಿ ತೊಟ್ಟಿಲ ಥರ ತೂಗುತ್ತಿತ್ತು. ಸಂತೇಬೆನ್ನೂರು ಕಡೆ ನಮ್ಮ ಅಡಿಕೆ ತೋಟ ಇದೆ. ಅಲ್ಲಿಗೆ ಭದ್ರಾ ನಾಲೆ ಏರಿ ಮೇಲೆ ನಾಲ್ಕು ಜನ ಕೂತು ಹೋದರೆ ಹಿಂದಗಡೆ 'ಧಡ್' ಅಂತ ಕಬ್ಬಿಣಕ್ಕೆ ಕಬ್ಬಿಣ ಹೊಡೆಯೋ ಸದ್ದು. ಇಷ್ಟು ಎತ್ತರದ ಗಾಡಿಯ ಹೊಟ್ಟೆಯಲ್ಲಿ ಎಂಥದು ಎಲ್ಲಿಗೆ ಹೊಡೆಯುತ್ತೆ ಅಂತ ನನಗೆ ಅರ್ಥವೇ ಆಗಿರಲಿಲ್ಲ.

ಮೊದಲು ಎಲ್ಲರೂ ಮಾಡೋ ತಪ್ಪನ್ನೇ ನಾನೂ ಮಾಡಿದೆ. ಗಾಡಿ ಕುಣಿದರೆ ಶಾಕ್ ಅಬ್ಸಾರ್ಬರ್ ಹೋಗಿದೆ ಅಂತ ಅರ್ಥ, ಹೌದಲ್ವಾ? ನಾಲ್ಕೂ ಹೊಸ ಗ್ಯಾಸ್ ಶಾಕ್ ತರಿಸಿ ಹಾಕಿಸಿದೆ. ದುಡ್ಡಿನ ಲೆಕ್ಕ ಮನೆಯಲ್ಲಿ ಹೇಳಿಲ್ಲ, ಇಲ್ಲೂ ಹೇಳಲ್ಲ. ಬಂಪರ್ ಮೇಲೆ ಕಾಲಿಟ್ಟು ಒತ್ತಿ ಬಿಟ್ಟರೆ ಮುಂಚೆ ಮೂರು ಸಲ ಕುಣಿಯುತ್ತಿದ್ದ ಗಾಡಿ ಈಗ ಒಂದೇ ಸಲಕ್ಕೆ ನಿಂತಿತು. ಕುಣಿತ ಹೋಯಿತು, ಸರಿ. ಆದರೆ ಮೂತಿ ಬಗ್ಗೋದು ಹಾಗೇ ಇತ್ತು. 'ಧಡ್' ಹಾಗೇ ಇತ್ತು. ವಾಲೋದು ಸ್ವಲ್ಪ ನಿಧಾನ ಆಯಿತು, ಅಷ್ಟೇ.

ಕಾರಣ ಈಗ ಹೇಳೋಕೆ ಸುಲಭ. ಶಾಕ್ ಅಬ್ಸಾರ್ಬರ್ ಭಾರ ಹೊರಲ್ಲ. ಅದು ಕಮಾನಿನ, ಅಂದರೆ ಗಾಡಿ ಹೊರೋ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟಿನ, ಕುಣಿತಕ್ಕೆ ಕಡಿವಾಣ ಹಾಕುತ್ತೆ. ಭಾರ ಹೊರೋದು ಕಮಾನು. ಗಾಡಿ ಎಷ್ಟು ಬೇಗ ಕೂರುತ್ತೆ ಅನ್ನೋದು ಶಾಕ್ ಕೈಯಲ್ಲಿ, ಎಷ್ಟು ಆಳಕ್ಕೆ ಕೂರುತ್ತೆ ಅನ್ನೋದು ಕಮಾನಿನ ಕೈಯಲ್ಲಿ.

ಅದರ ಮೇಲೆ ಇನ್ನೊಂದು ಎಡವಟ್ಟು. ಹೊಸ ಶಾಕ್ ಹಾಕಿದ ಮೇಲೆ ಹಂಪ್ ಇಳಿಯುವಾಗ 'ಟಕ್' ಅಂತ ಹೊಸ ಸದ್ದು ಶುರುವಾಯಿತು. ಚಾಸಿಗೆ ಜಾಕಿ ಕೊಟ್ಟು ಹಿಂದಿನ ಚಕ್ರ ನೇತಾಡೋ ಹಾಗೆ ಎತ್ತಿ ನೋಡಿದೆ. ಕಮಾನು ಇನ್ನೂ ಕೆಳಗೆ ಇಳಿಯಬಲ್ಲದು, ಆದರೆ ಶಾಕ್ ಪೂರ್ತಿ ಎಳೆದುಕೊಂಡು ನಿಂತುಬಿಟ್ಟಿದೆ. ಹೌಸಿಂಗ್‌ನ (ಎರಡೂ ಚಕ್ರಗಳ ನಡುವಿನ ಆಕ್ಸಲ್‌ನ ಕಬ್ಬಿಣದ ಕವಚ) ಇಡೀ ಭಾರ ಶಾಕ್‌ನ ಕಣ್ಣಿಗೆ ನೇತುಬಿದ್ದಿದೆ. ನಾನು ತರಿಸಿದ್ದು ಕಂಪನಿ ಅಳತೆಯ ಶಾಕ್, ಗಾಡಿ ಮಾತ್ರ ಲಿಫ್ಟ್ ಆಗಿದ್ದು. ಹೀಗೇ ಓಡಿಸಿದ್ದರೆ ಆರು ತಿಂಗಳಲ್ಲಿ ಹೊಸ ಶಾಕೂ ಎಣ್ಣೆ ಕಕ್ಕುತ್ತಿತ್ತು.

ಇನ್ಮೇಲೆ ಊಹೆ ಬೇಡ, ಅಳತೆ ಮಾಡೋಣ ಅಂತ ನಿರ್ಧರಿಸಿದ್ದು ಆಮೇಲೆ.

ಅಳತೆಗೆ ಮುಂಚೆ ಟೈರು ನೋಡಿದೆ. ನಾಚಿಕೆ ಆಗುತ್ತೆ, ಆದರೂ ಬರೀತೀನಿ. ಎರೆ ಮಣ್ಣಿನ ಕೆಸರಿಗೆ ಅಂತ ಎರಡು ತಿಂಗಳ ಹಿಂದೆ ಗಾಳಿ ಇಳಿಸಿದ್ದೆ. ವಾಪಸ್ ಹಾಕಿಸಿದ್ದೆ ಅಂತ ನೆನಪು. ಗೇಜ್ ಇಟ್ಟರೆ ಮುಂದೆ ಎರಡಕ್ಕೂ 26 ಪಿಎಸ್‌ಐ ಇದೆ, ಹಿಂದೆ ಒಂದಕ್ಕೆ 19, ಇನ್ನೊಂದಕ್ಕೆ 17. ಆ ದೊಡ್ಡ ಟೈರಿನ ಹೊಟ್ಟೆ ಉಬ್ಬಿದ್ದರೂ ಕಣ್ಣಿಗೆ ಗೊತ್ತಾಗಲ್ಲ. ನಾಲ್ಕಕ್ಕೂ 26 ಮಾಡಿಸಿದೆ. ತೂಗಾಟ ಕಾಲು ಭಾಗ ಕಡಿಮೆಯಾಯಿತು ಅನ್ನಿಸಿತು. ಸೊನ್ನೆ ಖರ್ಚಿನ ಈ ಕೆಲಸ ಮೊದಲು ಮಾಡಬೇಕಿತ್ತು, ನಾನು ಶಾಕ್ ಹಾಕಿಸಿದ ಮೇಲೆ ಮಾಡಿದೆ.

ಆಮೇಲೆ ಎಪಿಎಂಸಿ ಹತ್ತಿರದ ಒಂದು ವೇಬ್ರಿಡ್ಜ್‌ಗೆ ಹೋದೆ. ಮೆಕ್ಕೆಜೋಳದ ಲಾರಿಗಳ ಮಧ್ಯೆ ಒಂದು ಜಿಪ್ಸಿ. ಮೊದಲು ಮುಂದಿನ ಎರಡು ಚಕ್ರ ಮಾತ್ರ ಹತ್ತಿಸಿ ತೂಕ ಮಾಡಿಸಿದೆ: 650 ಕೆ.ಜಿ. ಆಮೇಲೆ ಹಿಂದಿನ ಎರಡು ಚಕ್ರ: 560. ಒಟ್ಟು 1,210. ಇಂಥ ಜಿಪ್ಸಿ ಕಂಪನಿಯಿಂದ ಬರುವಾಗ ಹೆಚ್ಚುಕಡಿಮೆ ಒಂದು ಟನ್ ಇರುತ್ತೆ. ಅಂದರೆ ಬಂಪರ್, ವಿಂಚು, ಕ್ಯಾರಿಯರ್, ದೊಡ್ಡ ಟೈರು ಎಲ್ಲಾ ಸೇರಿ ಹತ್ತಿರ ಹತ್ತಿರ 200 ಕೆ.ಜಿ. ನಾನು ಕೂರೋಕೆ ಮುಂಚೆಯೇ ಗಾಡಿ ಹೊತ್ತುಕೊಂಡಿದೆ. ವೇಬ್ರಿಡ್ಜ್‌ನ ಹುಡುಗ ಚೀಟಿ ಕೊಡುತ್ತಾ "ಲೋಡ್ ಏನೈತಿ ಸರ, ಏನೂ ಕಾಣವಲ್ದು" ಅಂದ. ಸರಿಯಾದ ಪ್ರಶ್ನೆ.

ಇನ್ನು ಮುಖ್ಯ ಪರೀಕ್ಷೆ. ಕಮಾನು ಎಷ್ಟು ಗಟ್ಟಿ ಅಂತ ತಿಳಿಯೋಕೆ ದೊಡ್ಡ ಯಂತ್ರ ಬೇಡ. ಗೊತ್ತಿರೋ ತೂಕ ಹೇರು, ಎಷ್ಟು ಕೂತಿತು ಅಂತ ಅಳೆ, ಭಾಗಿಸು. ನಮ್ಮೂರಲ್ಲಿ ಚೀಲಕ್ಕೇನು ಬರ? ಆದರೆ ಮಂಡಕ್ಕಿ ಚೀಲ ಆಳೆತ್ತರ ಇದ್ದರೂ ತೂಕಕ್ಕೆ ಬರಲ್ಲ. ಭತ್ತದ ಚೀಲ ಒಂದೊಂದು ಒಂದೊಂದು ತೂಕ. ಸಿಮೆಂಟ್ ಚೀಲ ಆದರೆ ಅಚ್ಚುಕಟ್ಟಾಗಿ 50 ಕೆ.ಜಿ. ಪಕ್ಕದ ಮನೆಯಲ್ಲಿ ಕಾಂಪೌಂಡ್ ಕಟ್ಟಿಸುತ್ತಿದ್ದರು. ನಾಲ್ಕು ಚೀಲ ಒಂದು ಗಂಟೆಗೆ ಕೇಳಿ ತಂದೆ.

ಅಳತೆ ಹಿಡಿಯೋ ಜಾಗ ಮುಖ್ಯ. ನೆಲದಿಂದ ಅಳೆದರೆ ಟೈರು ಕುಗ್ಗಿದ್ದೂ ಲೆಕ್ಕಕ್ಕೆ ಬಂದುಬಿಡುತ್ತೆ. ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿಗೆ ಅಳೆಯಬೇಕು. ಇನ್ನೊಂದು ವಿಷಯ. ಕಮಾನಿನ ಪಾಟಾಗಳು, ಅಂದರೆ ಆ ಉಕ್ಕಿನ ಪಟ್ಟಿಗಳು, ಒಂದಕ್ಕೊಂದು ಉಜ್ಜಿ ಹಿಡಿದುಕೊಳ್ಳುತ್ತವೆ. ಚೀಲ ಹೇರಿದ ತಕ್ಷಣ ಅಳೆದರೆ ಸುಳ್ಳು ಲೆಕ್ಕ ಬರುತ್ತೆ. ಮೂಲೆ ಹಿಡಿದು ನಾಲ್ಕು ಸಲ ಕುಲುಕಿಸಿ, ಗಾಡಿ ತಾನಾಗೇ ಕೂತ ಮೇಲೆ ಟೇಪ್ ಇಡಬೇಕು. ಖಾಲಿ ಇದ್ದಾಗಲೂ ಹಾಗೇ.

ಖಾಲಿ ಗಾಡಿ: ಹಿಂದೆ ಎಡಕ್ಕೆ 431 ಮಿ.ಮೀ., ಬಲಕ್ಕೆ 449. ಎಡಗಡೆ 18 ಮಿ.ಮೀ. ಕುಸಿದಿದೆ ಅಂತ ಆಗಲೇ ಗೊತ್ತಾಗಿದ್ದು. ಹಿಂದಿನ ಹೌಸಿಂಗ್ ನೇರಕ್ಕೆ ನಾಲ್ಕು ಚೀಲ ಇಟ್ಟ ಮೇಲೆ ಎಡಕ್ಕೆ 351, ಬಲಕ್ಕೆ 373. ಎಡಗಡೆ 80 ಇಳಿದಿದೆ, ಬಲಗಡೆ 76. ಸರಾಸರಿ 78. ಖಾಲಿ ಇದ್ದಾಗ ಬಂಪ್ ರಬ್ಬರಿಗೂ (ಹೌಸಿಂಗ್ ಮೇಲೆದ್ದು ಚಾಸಿಗೆ ಬಡಿಯದ ಹಾಗೆ ತಡೆಯೋ ರಬ್ಬರ್) ಹೌಸಿಂಗಿಗೂ ಮಧ್ಯೆ 118 ಮಿ.ಮೀ. ಜಾಗ ಇತ್ತು. ಲೋಡ್ ಆದ ಮೇಲೆ ಉಳಿದದ್ದು 40. ನಾಲೆ ಏರಿ ಮೇಲೆ ಒಂದು ಗುಂಡಿ ಸಾಕು, ಆ 40 ಖರ್ಚಾಗೋಕೆ. ರಬ್ಬರ್ ಮುಟ್ಟಿ ನೋಡಿದರೆ ಎಡಗಡೆಯದು ಅರ್ಧ ಕಿತ್ತುಹೋಗಿ ಅದರ ತಗಡು ಮಿರಮಿರ ಮಿಂಚುತ್ತಿದೆ. 'ಧಡ್' ಎಲ್ಲಿಂದ ಅಂತ ಗೊತ್ತಾಯಿತು.

ಆದರೆ 78 ಜಾಸ್ತಿಯಾ ಕಡಿಮೆಯಾ ಅಂತ ಹೇಳೋಕೆ ಇನ್ನೊಂದು ಗಾಡಿ ಬೇಕಲ್ಲ? ಹರಿಹರದಲ್ಲಿ ಒಬ್ಬ ಗೆಳೆಯನ ಹತ್ತಿರ ಜಿಪ್ಸಿ ಇದೆ. ಅವರಪ್ಪ ತಗೊಂಡಿದ್ದು, ಒಂದು ಬೋಲ್ಟೂ ಬದಲಾಗಿಲ್ಲ. ಭಾನುವಾರ ಬೆಣ್ಣೆ ದೋಸೆ ಕೊಡಿಸ್ತೀನಿ ಅಂತ ಕರೆದು, ದೋಸೆಗೆ ಮುಂಚೆ ಅವನ ಗಾಡಿಗೆ ಸಿಮೆಂಟ್ ಹೇರಿದೆ. ಅವನದು ಕೂತಿದ್ದು 48 ಮಿ.ಮೀ.

200 ಕೆ.ಜಿ.ಗೆ 48 ಅಂದರೆ ಮಿಲಿಮೀಟರಿಗೆ 4 ಕೆ.ಜಿ. ಚಿಲ್ಲರೆ. ನನ್ನದು 200ಕ್ಕೆ 78, ಅಂದರೆ ಎರಡೂವರೆ ಕೆ.ಜಿ. ನನ್ನ ಕಮಾನಿನ ಗಟ್ಟಿತನ ಅವನದರ ಐದರಲ್ಲಿ ಮೂರು ಪಾಲು ಮಾತ್ರ.

ಈ 'ಐದರಲ್ಲಿ ಮೂರು' ಬಾಯಲ್ಲಿ ಬಂದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವನು ಅಲ್ಲೇ ಮಣ್ಣಲ್ಲಿ ಮಲಗಿ ತನ್ನ ಗಾಡಿಯ ಹಿಂದಿನ ಪಾಟಾ ಎಣಿಸಿದ. ಐದು. ನನ್ನದರ ಕೆಳಗೆ ತೂರಿ ಎಣಿಸಿದ. ಮೂರು.

ನಾನು ಎರಡು ವರ್ಷದಿಂದ ಆ ಗಾಡಿಯ ಕೆಳಗೆ ಹತ್ತಾರು ಸಲ ಮಲಗಿದ್ದೇನೆ. ಆಯಿಲ್ ಬದಲಿಸಿದ್ದೇನೆ, ಗ್ರೀಸ್ ಹೊಡೆದಿದ್ದೇನೆ. ಒಂದು ವಿಷಯ ಪ್ರತಿ ಸಲವೂ ಕಣ್ಣಿಗೆ ಬಿದ್ದಿತ್ತು. ಜಿಪ್ಸಿಯಲ್ಲಿ ಕಮಾನು ಹೌಸಿಂಗ್‌ನ ಕೆಳಗೆ ಇರುತ್ತೆ. ಯು-ಬೋಲ್ಟ್ ಮೇಲಿಂದ ಹೌಸಿಂಗ್ ಅಪ್ಪಿಕೊಂಡು ಕೆಳಗೆ ಬಂದು, ಪ್ಲೇಟಿನ ಅಡಿಯಲ್ಲಿ ನಟ್ಟು ಬೀಳುತ್ತೆ. ನನ್ನ ಗಾಡಿಯಲ್ಲಿ ಆ ನಟ್ಟಿನಿಂದ ಕೆಳಗೆ ಬೋಲ್ಟಿನ ಮರೆ (ಥ್ರೆಡ್) ಬೆರಳುದ್ದ ಹೊರಗೆ ಇಳಿಬಿದ್ದಿತ್ತು. ಕಲ್ಲಿಗೆ ತಾಗಿ ತಾಗಿ ಮರೆಯೆಲ್ಲಾ ಜಜ್ಜಿಹೋಗಿತ್ತು. 'ಯಾರೋ ಉದ್ದ ಬೋಲ್ಟ್ ಹಾಕಿದ್ದಾರೆ' ಅಂದುಕೊಂಡು ಸುಮ್ಮನಾಗಿದ್ದೆ. ಬೋಲ್ಟ್ ಉದ್ದ ಇರಲಿಲ್ಲ, ಪಾಟಾ ಕಟ್ಟು ತೆಳ್ಳಗಾಗಿತ್ತು. ಒಂದೊಂದು ಪಾಟಾ 6 ಮಿ.ಮೀ., ಎರಡು ತೆಗೆದರೆ 12 ಮಿ.ಮೀ. ಗೆಳೆಯನ ಗಾಡಿಯಲ್ಲಿ ಹೊರಗಿದ್ದ ಮರೆಗೂ ನನ್ನದಕ್ಕೂ ವ್ಯತ್ಯಾಸ ಸರಿಯಾಗಿ ಅಷ್ಟೇ.

ಕಥೆ ಈಗ ತಾನಾಗೇ ಬಿಚ್ಚಿಕೊಂಡಿತು. ಯಾರಿಗೋ ಜಿಪ್ಸಿ ಗಡುಸಾಗಿದೆ ಅನ್ನಿಸಿದೆ. ಮೆತ್ತಗಾಗಲಿ ಅಂತ ಹಿಂದೆ ಎರಡೆರಡು ಪಾಟಾ ತೆಗೆಸಿದ್ದಾರೆ. ಮುಂದೆಯೂ ಗೆಳೆಯನ ಗಾಡಿಗಿಂತ ಒಂದೊಂದು ಕಡಿಮೆ ಇತ್ತು. ತೆಗೆದ ಮೇಲೆ ಗಾಡಿ ಕೂತುಬಿಟ್ಟಿದೆ. ಕೂತಿದ್ದನ್ನ ಎತ್ತೋಕೆ, ಎತ್ತುತ್ತಾ ಎತ್ತುತ್ತಾ ಲಿಫ್ಟೂ ಆಗಲಿ ಅಂತ, ಉದ್ದದ ಶ್ಯಾಕಲ್ (ಕಮಾನಿನ ತುದಿಯನ್ನ ಚಾಸಿಗೆ ಜೋಡಿಸೋ ಪಟ್ಟಿ) ಹಾಕಿಸಿ, ಮೇನ್ ಪಾಟಾಗೆ ಬಾಗು ಜಾಸ್ತಿ ಕೊಡಿಸಿದ್ದಾರೆ. ಹೊರಗಿಂದ ನೋಡಿದರೆ ಎತ್ತರದ ಗಾಡಿ. ಬಾಗು ಕೊಟ್ಟರೆ ಎತ್ತರ ಬರುತ್ತೆ, ಗಟ್ಟಿತನ ಒಂದು ಚೂರೂ ಬರಲ್ಲ. ಗಟ್ಟಿತನ ಇರೋದು ಪಾಟಾದ ಸಂಖ್ಯೆ, ಅಗಲ, ದಪ್ಪ ಮತ್ತು ಉದ್ದದಲ್ಲಿ. ಅದರ ಮೇಲೆ 200 ಕೆ.ಜಿ. ಅಲಂಕಾರ ಬೇರೆ.

ಬಿಚ್ಚಿದ ಕಮಾನು ಹಿಡಿದು ಹಳೇ ಪಿ.ಬಿ. ರಸ್ತೆಯ ಒಂದು ಕಮಾನು ಪಾಟಾ ಅಂಗಡಿಗೆ ಹೋದೆ. ಲಾರಿ ಪಾಟಾಗಳು ಗೋಡೆಗೆ ಒರಗಿಸಿಟ್ಟ ಬಿಲ್ಲಿನ ಹಾಗೆ ಸಾಲಾಗಿ ನಿಂತಿರುತ್ತವಲ್ಲ, ಅಂಥ ಜಾಗ. ಮಿಸ್ತ್ರಿ ನನ್ನ ಕಮಾನಿನ ಮೇನ್ ಪಾಟಾ ಬೆಳಕಿಗೆ ಹಿಡಿದು ತಿರುಗಿಸಿದರು. ಮಧ್ಯದಿಂದ ಒಂದು ಗೇಣು ಆಚೆ ನೀಲಿ-ಕಪ್ಪು ಬಣ್ಣದ ಒಂದು ಕಲೆ. ಅದರ ಮೇಲೆ ಉಗುರಿಂದ ಗೀರಿ, "ಗ್ಯಾಸ್ ಹಿಡಿದು ಬಗ್ಸ್ಯಾರ ಸರ. ಈ ಪಾಟಾ ಸತ್ತೈತಿ" ಅಂದರು.

ಸತ್ತಿದೆ ಅನ್ನೋದು ಸರಿಯಾದ ಮಾತು. ಸ್ಪ್ರಿಂಗ್ ಉಕ್ಕಿಗೆ ಜೀವ ಬರೋದು ಹದದಿಂದ. ಇಡೀ ಪಾಟಾ ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಕಡಿಮೆ ಬಿಸಿಯಲ್ಲಿ ಹದ ಮಾಡಬೇಕು. ಗ್ಯಾಸ್ ಕಟರ್ ಬೆಂಕಿಯಲ್ಲಿ ಒಂದೇ ಜಾಗ ಕಾಯಿಸಿ ಬಗ್ಗಿಸಿದರೆ ಆ ಜಾಗ ಮಾಮೂಲಿ ಕಬ್ಬಿಣ ಆಗಿಬಿಡುತ್ತೆ. ಬಗ್ಗಿಸಿದ್ದು ನಿಲ್ಲಲ್ಲ. ಎಡಗಡೆ 18 ಮಿ.ಮೀ. ಕುಸಿದಿದ್ದು ಅದಕ್ಕೇ. ಅಲ್ಲೇ ಬಿರುಕು ಬಿಟ್ಟು ಹೈವೇಯಲ್ಲಿ ಮುರಿದಿದ್ದರೆ ಹೌಸಿಂಗ್ ಹಿಂದಕ್ಕೆ ಸರಿಯುತ್ತಿತ್ತು. ಆ ಯೋಚನೆ ಜಾಸ್ತಿ ಬೆಳೆಸಲಿಲ್ಲ.

ಇಲ್ಲಿ ಮಿಸ್ತ್ರಿ ಒಂದು ಶಾರ್ಟ್‌ಕಟ್ ಹೇಳಿದರು, ನಾನು ತಲೆಯಾಡಿಸಿದೆ. ಎರಡು ಪಾಟಾ ಬದಲು ದಪ್ಪದ್ದು ಒಂದೇ ಹಾಕೋಣ, ಅಗಲ ಸರಿಹೊಂದೋ 10 ಮಿ.ಮೀ. ಪಾಟಾ ಒಂದು ಜೊತೆ ಇದೆ, ಖರ್ಚೂ ಕಡಿಮೆ. ಎರಡು ಆರು ಹನ್ನೆರಡು, ಇದು ಹತ್ತು. ಹೆಚ್ಚುಕಡಿಮೆ ಒಂದೇ ಆಯಿತಲ್ಲ ಅಂತ ನಾನೂ ಲೆಕ್ಕ ಹಾಕಿದೆ. ಹೊಸ ಮೇನ್ ಪಾಟಾ, ಹಳೇ ಎರಡು, ಕೆಳಗೆ ಈ 10 ಮಿ.ಮೀ. ಕಟ್ಟಿ ಮನೆಗೆ ಬಂದೆ.

ಮನೆ ಮುಂದಿನ ಹಂಪಿನಲ್ಲೇ ಉತ್ತರ ಸಿಕ್ಕಿತು. ಹಲ್ಲು ಹಲ್ಲಿಗೆ ಬಡಿಯಿತು. ಹಿಂದಿನ ಸೀಟಲ್ಲಿ ಕೂತಿದ್ದ ಮಗ ಅರ್ಧ ಅಡಿ ಮೇಲೆ ಹಾರಿ ನಕ್ಕ, ಇನ್ನೊಂದು ಸಲ ಅಂದ. ಸಿಮೆಂಟ್ ಚೀಲ ಮತ್ತೆ ತಂದೆ. 200 ಕೆ.ಜಿ.ಗೆ ಗಾಡಿ ಕೂತಿದ್ದು ಬರೀ 31 ಮಿ.ಮೀ.!

ರಾತ್ರಿ ಪೇಪರ್ ತಗೊಂಡು ಕೂತಾಗ ತಪ್ಪು ತಿಳಿಯಿತು. ಪಾಟಾಗಳ ಸಂಖ್ಯೆ ಜಾಸ್ತಿಯಾದರೆ ಗಟ್ಟಿತನ ಅಷ್ಟೇ ಪಾಲು ಜಾಸ್ತಿಯಾಗುತ್ತೆ. ಆದರೆ ದಪ್ಪ ಹೆಚ್ಚಾದರೆ ಮೂರು ಸಲ ಗುಣಿಸಿಕೊಂಡು ಹೆಚ್ಚಾಗುತ್ತೆ. 6 ಇಂಟು 6 ಇಂಟು 6 ಅಂದರೆ 216. 10 ಇಂಟು 10 ಇಂಟು 10 ಅಂದರೆ 1000. ಅಂದರೆ ನಾನು ಕೆಳಗೆ ಕಟ್ಟಿಸಿದ್ದು ಒಂದು ಪಾಟಾ ಅಲ್ಲ, ನಾಲ್ಕೂವರೆ ಪಾಟಾ. ಮೊದಲಿನ ಮೂರು ಸೇರಿಸಿದರೆ ಏಳೂವರೆ. ಐದು ಪಾಟಾಗೆ 48 ಮಿ.ಮೀ. ಆದರೆ ಏಳೂವರೆಗೆ ಎಷ್ಟು? 32. ಟೇಪಿನ ಲೆಕ್ಕ 31. ಸ್ಕೂಲಿನಲ್ಲಿ ಘನ ಅಂತ ಬಾಯಿಪಾಠ ಮಾಡಿದ್ದು ನಲವತ್ತು ದಾಟಿದ ಮೇಲೆ ಸೊಂಟಕ್ಕೆ ಅರ್ಥವಾಯಿತು.

ದಪ್ಪ ಪಾಟಾದ ಇನ್ನೊಂದು ಕಷ್ಟ ಅಂದ್ರೆ, ಅಷ್ಟೇ ಬಾಗಿದರೂ ಅದರ ಮೈಮೇಲೆ ಬೀಳೋ ಎಳೆತ ತೆಳು ಪಾಟಾಗಿಂತ ಜಾಸ್ತಿ. ತೆಳುವಾದವು ಬಳುಕುತ್ತವೆ, ಇದು ಬಳುಕಲ್ಲ. ಇದರ ತುದಿ ಎಲ್ಲಿ ಮುಗಿಯುತ್ತೋ ಅಲ್ಲಿ ಮೇಲಿನ ಪಾಟಾ ಕತ್ತು ಮುರಿದುಕೊಳ್ಳುತ್ತೆ.

ಮರುದಿನ ಮತ್ತೆ ಅಂಗಡಿ. ಮಿಸ್ತ್ರಿಗೆ ಬೇಜಾರಿಲ್ಲ, ನಕ್ಕರು. "ಲಾರಿ ಮಾಡಿಬಿಟ್ವಿ ನೋಡ್ರಿ" ಅಂದರು. ಈ ಸಲ ಎರಡೆರಡು ಹೊಸ 6 ಮಿ.ಮೀ. ಪಾಟಾ, ಮುಂದಕ್ಕೂ ಒಂದೊಂದು.

ಆ ಕೆಲಸ ನಾನು ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ನೋಡಿದೆ. ಪಾಟಾವನ್ನ ಅಡಿಗಲ್ಲಿನ ಮೇಲೆ ಇಟ್ಟು, ಬೆಂಕಿ ಇಲ್ಲದೆ ತಣ್ಣಗೇ, ಸುತ್ತಿಗೆಯಿಂದ ಅಂಗುಲ ಅಂಗುಲಕ್ಕೆ ಒಂದೊಂದು ಏಟು. ಒಂದೇ ಜಾಗಕ್ಕೆ ಎರಡು ಏಟು ಬೀಳಲ್ಲ. ನಾಲ್ಕು ಏಟಿಗೊಮ್ಮೆ ಮೇಲಿನ ಪಾಟಾಗೆ ತಾಗಿಸಿ ನೋಡುತ್ತಾರೆ. ಕೆಳಗಿನ ಚಿಕ್ಕ ಪಾಟಾಗೆ ಮೇಲಿನದಕ್ಕಿಂತ ಒಂದು ಚೂರು ಜಾಸ್ತಿ ಬಾಗು ಇರಬೇಕು. ಹಾಗೇ ಜೋಡಿಸಿದಾಗ ತುದಿಗಳು ಅಂಟಿಕೊಂಡು, ನಡುವೆ ಒಂದು ಸಂದು ಕಾಣುತ್ತೆ. ಸೆಂಟರ್ ಬೋಲ್ಟ್ ಬಿಗಿದಾಗ ಆ ಸಂದು ಮುಚ್ಚಿ ತುದಿಗಳು ಮೇಲಿನ ಪಾಟಾವನ್ನ ಒತ್ತಿ ಹಿಡಿಯುತ್ತವೆ. ಈ ಸಂದು ಇಲ್ಲದಿದ್ದರೆ ಪಾಟಾಗಳು ಐದಿದ್ದರೂ ಒಗ್ಗಟ್ಟಿಲ್ಲದ ಅಣ್ಣತಮ್ಮಂದಿರ ಹಾಗೆ, ಭಾರವೆಲ್ಲಾ ದೊಡ್ಡಣ್ಣನ ಮೇಲೆ. ಮಿಸ್ತ್ರಿ ಆ ಸಂದನ್ನ ಅಳೆಯಲಿಲ್ಲ, ಬೀಡಿ ಪೊಟ್ಟಣದ ರಟ್ಟು ತೂರಿಸಿ ನೋಡಿದರು. ಎಡಕ್ಕೂ ಬಲಕ್ಕೂ ಅದೇ ರಟ್ಟು. ಪಾಟಾಗಳ ಮಧ್ಯೆ ಗ್ರಾಫೈಟ್ ಪುಡಿ ಬೆರೆಸಿದ ಗ್ರೀಸ್ ತೆಳ್ಳಗೆ ಸವರಿದರು.

ಯು-ಬೋಲ್ಟ್ ಹಳೇದೇ ಹಾಕೋಣ, ಮರೆ ಕ್ಲೀನ್ ಮಾಡಿಕೊಡ್ತೀನಿ ಅಂದರು. ಅದಕ್ಕೆ ಮಾತ್ರ ಒಪ್ಪಲಿಲ್ಲ. ಒಂದು ಸಲ ಬಿಗಿದು ಎಳೆದುಕೊಂಡ ಯು-ಬೋಲ್ಟ್ ಎರಡನೇ ಸಲ ಅದೇ ಹಿಡಿತ ಕೊಡಲ್ಲ. ಎಂಟೂ ಹೊಸದು ಹಾಕಿಸಿದೆ. ಬಂಪ್ ರಬ್ಬರೂ ನಾಲ್ಕು ಹೊಸದು.

ಮುಂದಿನ ಕಡೆ ಬರೋಣ. ಹಿಂದೆ ಗಟ್ಟಿಯಾದರೂ ಸ್ಟೇರಿಂಗ್ ಇನ್ನೂ ಸಡಿಲ ಸಡಿಲ. ನೇರ ರಸ್ತೆಯಲ್ಲೂ ಗಾಡಿ ತನ್ನ ಪಾಡಿಗೆ ತಾನು ಅತ್ತಿತ್ತ ಹುಡುಕಾಡುತ್ತಿತ್ತು. ತಿರುಗಿಸಿ ಬಿಟ್ಟರೆ ಸ್ಟೇರಿಂಗ್ ತಾನಾಗೇ ವಾಪಸ್ ಬರುತ್ತಿರಲಿಲ್ಲ. ಇದನ್ನೂ ನಾನು 'ಮೆತ್ತಗಿದೆ' ಅನ್ನೋ ಒಂದೇ ಮಾತಿನಲ್ಲಿ ಸೇರಿಸಿಬಿಟ್ಟಿದ್ದೆ. ಇದು ಬೇರೆ ರೋಗ.

ಜಿಪ್ಸಿಯ ಮುಂದಿನ ಕಮಾನಿಗೆ ಶ್ಯಾಕಲ್ ಇರೋದು ಮೂತಿ ಕಡೆಯ ತುದಿಯಲ್ಲಿ. ಹಿಂಬದಿಯ ತುದಿ ಚಾಸಿಗೆ ಕಚ್ಚಿಕೊಂಡಿರುತ್ತೆ. ಮುಂತುದಿಗೆ ಉದ್ದದ ಶ್ಯಾಕಲ್ ಹಾಕಿದರೆ ಕಮಾನಿನ ಮೂತಿ ಕೆಳಗೆ ಬಗ್ಗುತ್ತೆ. ಅದಕ್ಕೆ ಕಟ್ಟಿರೋ ಹೌಸಿಂಗೂ ಮುಂದಕ್ಕೆ ಉರುಳುತ್ತೆ. ಚಕ್ರ ತಿರುಗೋ ಕಿಂಗ್‌ಪಿನ್‌ನ ಮೇಲ್ತುದಿ ಹಿಂದಕ್ಕೆ ಒರಗಿರಬೇಕಾದದ್ದು ನೆಟ್ಟಗಾಗುತ್ತೆ. ಆ ಒರಗು ಇದ್ದರೇನೇ ಸ್ಟೇರಿಂಗ್ ತಾನಾಗೇ ನೇರಕ್ಕೆ ಬರೋದು. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುತ್ತಲ್ಲ, ಅದೇ ವಿದ್ಯೆ. ಅಲೈನ್‌ಮೆಂಟ್ ಅಂಗಡಿಯಲ್ಲಿ ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರೋ ಅಳತೆ) ಸರಿ ಮಾಡಿ ಕಳಿಸುತ್ತಿದ್ದರು, ಕ್ಯಾಸ್ಟರ್, ಅಂದರೆ ಈ ಒರಗಿನ, ಕಡೆ ನಾನೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ನನ್ನ ಗಾಡಿಯ ಶ್ಯಾಕಲ್ ಕಂಪನಿಯದಕ್ಕಿಂತ 50 ಮಿ.ಮೀ. ಉದ್ದ ಇತ್ತು. ಇದರಿಂದ ಸಿಗೋ ಎತ್ತರ 50 ಅಲ್ಲ, ಅದರ ಅರ್ಧ. ಕಮಾನಿನ ಒಂದು ತುದಿ ಮಾತ್ರ ಇಳಿಯುತ್ತಲ್ಲ, ಮಧ್ಯದಲ್ಲಿರೋ ಹೌಸಿಂಗಿಗೆ ಅರ್ಧ ಪಾಲು. 25 ಮಿ.ಮೀ. ಎತ್ತರಕ್ಕೆ ಸ್ಟೇರಿಂಗಿನ ಜೀವ ಕೊಟ್ಟಿದ್ದರು. ಇನ್ನೊಂದು, ಇವು ಬರೀ ಎರಡು ಉದ್ದನೆ ಪಟ್ಟಿ. ಎರಡನ್ನೂ ಸೇರಿಸೋ ಅಡ್ಡ ತುಂಡೇ ಇಲ್ಲ. ಕೈಯಲ್ಲಿ ಬಾಡಿ ಹಿಡಿದು ಪಕ್ಕಕ್ಕೆ ತಳ್ಳಿದರೆ ಪಟ್ಟಿಗಳು ಓರೆಯಾಗೋದು ಕಣ್ಣಿಗೆ ಕಾಣುತ್ತಿತ್ತು. ದುರ್ಗದ ಗಾಳಿಗೆ ಗಾಡಿ ಪಕ್ಕಕ್ಕೆ ಸರಿದ ಹಾಗೆ ಆಗಿದ್ದರಲ್ಲಿ ಇದರ ಪಾಲೂ ಇತ್ತು.

ನಾಲ್ಕೂ ಕಡೆ ಕಂಪನಿ ಅಳತೆಯ ಶ್ಯಾಕಲ್ ವಾಪಸ್ ಹಾಕಿದೆ. ಶ್ಯಾಕಲ್ ಬೋಲ್ಟ್ ಕೂರೋ ಬುಷ್ ಹೊಸದು, ರಬ್ಬರಿನದೇ. ಬುಷ್ ಬೋಲ್ಟ್ ಬಿಗಿಯುವಾಗ ಒಂದು ಎಚ್ಚರ ಬೇಕು. ಗಾಡಿ ಜಾಕಿ ಮೇಲಿದ್ದಾಗ ಬಿಗಿಯಬಾರದು. ಚಕ್ರ ನೆಲಕ್ಕಿಟ್ಟು, ಗಾಡಿಯ ಭಾರ ಪೂರ್ತಿ ಕೂತ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡ ಸ್ಥಿತಿಯಲ್ಲೇ ಇದ್ದು ಬೇಗ ಹರಿಯುತ್ತೆ.

ವಿಂಚನ್ನ ಬಿಚ್ಚಿ ಮನೆಯಲ್ಲಿಟ್ಟೆ. ಎರಡು ವರ್ಷದಲ್ಲಿ ಅದನ್ನ ಬಳಸಿದ್ದು ಎರಡು ಸಲ. ಒಂದು ಸಲ ತೋಟದಲ್ಲಿ ತೆಂಗಿನ ಬೊಡ್ಡೆ ಎಳೆಯೋಕೆ. ಮೂತಿಯ ತುದಿಯಲ್ಲಿ, ಚಕ್ರಕ್ಕಿಂತಲೂ ಮುಂದೆ ಅಷ್ಟು ಭಾರ ನೇತುಹಾಕಿದರೆ ಅದು ಬರೀ ತನ್ನ ತೂಕವಲ್ಲ, ಹಿಂದಿನ ಚಕ್ರದ ಮೇಲಿನ ಭಾರವನ್ನೂ ಸ್ವಲ್ಪ ಕದ್ದು ಮುಂದಿನ ಚಕ್ರದ ಮೇಲೆ ಹಾಕುತ್ತೆ. ದಪ್ಪ ಬಂಪರ್ ಜಾಗಕ್ಕೂ ಹಳೇ ಬಂಪರ್ ಬಂತು. ಸತ್ಯ ಹೇಳಬೇಕಂದ್ರೆ, ಕಂಪನಿಯ ಮೂಲ ವಿವರ ಬದಲಾಗೋ ಹಾಗೆ ಗಾಡಿ ಮಾರ್ಪಡಿಸೋದನ್ನ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಪ್ಪಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಮುಂದೆ ಆರ್‌ಸಿ ರಿನ್ಯೂವಲ್‌ಗೆ ಹೋಗಬೇಕಾದ ಗಾಡಿಗೆ ಇದೆಲ್ಲಾ ಯಾಕೆ?

ಎಲ್ಲಾ ಆದ ಮೇಲೆ ಸಿಮೆಂಟ್ ಚೀಲಕ್ಕೆ ಮೂರನೇ ಸಲ ಪಕ್ಕದ ಮನೆಗೆ ಹೋದೆ. ಗಾರೆ ಮೇಸ್ತ್ರಿ ನನ್ನನ್ನ ನೋಡಿದ ತಕ್ಷಣ ನಾಲ್ಕು ಚೀಲ ತೋರಿಸಿ "ತಗೊಂಡ್ ಹೋಗ್ರಿ, ಒದ್ದೆ ಮಾಡಬ್ಯಾಡ್ರಿ" ಅಂದ.

200 ಕೆ.ಜಿ.ಗೆ ಕೂತಿದ್ದು 49 ಮಿ.ಮೀ. ಎಡ-ಬಲ ವ್ಯತ್ಯಾಸ 3.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಬಂಪ್ ರಬ್ಬರಿನ ಲೆಕ್ಕ. ಗಾಡಿ ಈಗ ಮುಂಚಿಗಿಂತ ಗಿಡ್ಡ. ಖಾಲಿ ಇದ್ದಾಗ ರಬ್ಬರಿಗೂ ಹೌಸಿಂಗಿಗೂ ಮಧ್ಯೆ 118 ಇದ್ದದ್ದು 102ಕ್ಕೆ ಇಳಿದಿದೆ. ಆದರೆ ನಾಲ್ಕು ಚೀಲ ಹೇರಿದ ಮೇಲೆ ಉಳಿಯೋ ಜಾಗ 40 ಅಲ್ಲ, 53. ಲಿಫ್ಟ್ ಇಳಿಸಿದ ಗಾಡಿಗೆ ಲೋಡ್ ಆದಾಗ ಜಾಗ ಜಾಸ್ತಿ. ಶಾಕ್ ಅಬ್ಸಾರ್ಬರ್ ಅಳತೆಯೂ ಈಗ ತಾನಾಗೇ ಸರಿಹೋಯಿತು. ಜಾಕಿ ಕೊಟ್ಟು ಎತ್ತಿದರೆ ಕಮಾನು ಮೊದಲು ನಿಲ್ಲುತ್ತೆ, ಶಾಕ್‌ನಲ್ಲಿ ಇನ್ನೂ ಬೆರಳು ಗಾತ್ರ ಎಳೆತ ಉಳಿದಿರುತ್ತೆ. 'ಟಕ್' ಇಲ್ಲ.

ಮೊದಲ ಪ್ರಯಾಣ ಬಾತಿ ಗುಡ್ಡದವರೆಗೆ, ಸುಮ್ನೆ. ಎರಡನೇದು ತೋಟಕ್ಕೆ. ನಾಲೆ ಏರಿ ಮೇಲೆ ಹಳೇ ಗುಂಡಿಗಳು ಎಲ್ಲೆಲ್ಲಿ ಅಂತ ನನಗೆ ಬಾಯಿಪಾಠ. ಪ್ರತಿ ಗುಂಡಿಗೂ ಮುಂಚೆ ಭುಜ ಬಿಗಿ ಹಿಡಿಯೋ ಅಭ್ಯಾಸ ಇನ್ನೂ ಹೋಗಿರಲಿಲ್ಲ. ನಾಲ್ಕು ಜನ, ಎರಡು ಚೀಲ ಗೊಬ್ಬರ. ಗಾಡಿ ಗುಂಡಿಗೆ ಇಳಿದು ಗಟ್ಟಿಯಾಗಿ ಎದ್ದಿತು. ಸದ್ದಿಲ್ಲ. ಗಡುಸು ಗಡುಸೇ, ಜಿಪ್ಸಿ ಅಂದ್ರೆ ಹಾಗೇ. ಹೆಂಡತಿ ಈ ಸಲ ಹಿಡಿ ಹಿಡಿದುಕೊಂಡಿರಲಿಲ್ಲ, ಆದರೆ ಸೊಂಟದ ಹಿಂದೆ ದಿಂಬು ಇಟ್ಟುಕೊಂಡಿದ್ದಳು.

ಹೊಸ ಯು-ಬೋಲ್ಟ್ ಆದ್ದರಿಂದ ಸುಮಾರು 200 ಕಿ.ಮೀ. ಆದ ಮೇಲೆ ಮತ್ತೆ ಕೆಳಗೆ ಮಲಗಿ ಅಡ್ಡಡ್ಡ ಕ್ರಮದಲ್ಲಿ ಒಂದೊಂದೂ ಬಿಗಿದು ನೋಡಿದೆ. ಎಂಟರಲ್ಲಿ ಐದು ಕಾಲು ಸುತ್ತು ತಗೊಂಡವು. ಪಾಟಾಗಳು ಕೂತುಕೊಳ್ಳುತ್ತವೆ, ಬಣ್ಣ ಸವೆಯುತ್ತೆ, ಹಾಗಾಗಿ ಇದನ್ನ ಬಿಡೋ ಹಾಗಿಲ್ಲ.

ಈಗ ಉಳಿದಿರೋದು ಒಂದೇ. ಹಿಂದೆ ಎಡಗಡೆ, ನಿಧಾನಕ್ಕೆ ಹಂಪ್ ಹತ್ತುವಾಗ ಮಾತ್ರ, 'ಕಿರ್' ಅಂತ ಒಂದು ಸಣ್ಣ ಸದ್ದು. ಮಿಸ್ತ್ರಿಗೆ ಫೋನ್ ಮಾಡಿದರೆ ಹಳೇ ಇಂಜಿನ್ ಆಯಿಲ್ ಸುರೀರಿ ಅಂದರು. ಆಯಿಲ್ ಬಿದ್ದರೆ ಬುಷ್‌ನ ರಬ್ಬರ್ ಉಬ್ಬಿ ಹಾಳಾಗುತ್ತೆ, ಮೇಲೆ ಧೂಳು ಬೇರೆ ಅಂಟುತ್ತೆ. ಭಾನುವಾರ ಶ್ಯಾಕಲ್ ಬೋಲ್ಟ್ ಬಿಚ್ಚಿ ನೋಡಬೇಕು. ಬುಷ್ ಕೂರಿಸುವಾಗ ಸೋಪಿನ ನೀರು ಹಚ್ಚಿದ್ದೆ, ಎಡಗಡೆಗೆ ಬರೋ ಹೊತ್ತಿಗೆ ಸೋಪು ಮುಗಿದಿತ್ತು ಅಂತ ಈಗ ನೆನಪಾಗುತ್ತಿದೆ.